ತಂದೆ

ಬೈತಕೋಲದ ಧಕ್ಕೆ. ಹರಿದ ಬಲೆಯ ಆ ಬದಿಗೆ
ಬಸ್ತ್ಯಾಂವನ ಮಗ ರುಜಾರ್, ಈ ಬದಿಗೆ ನಾನು.
ಬೆಳಗಿನ ಏಳಕ್ಕೇ ಅವನ ಬಾಯಲ್ಲಿ ಫೆನಿಯ ನಾತ.

ಯೇಸುವಿನ ಮಾತು ಎತ್ತಿದೆ.
ಹೇಗೆ ಎತ್ತುವುದೋ ತಿಳಿಯದೆ
ಗಾಳಿಯಿಂದ ಶುರುಮಾಡಿ,
ಡೀಸೆಲ್ಲಿನ ರೇಟಿಗೆ ಬಂದು,
ಕೆಮ್ಮಿ, ಮೆಲ್ಲಗೆ.

ಅವನ ಸೂಜಿ ನಿಲ್ಲಲಿಲ್ಲ.
"ಕೈತಾನ್‌ಬಾಬ್, ಮಾಜಾಳಿ ನಾಕಾ ದಾಟಿಸಿ
ಬಂಗಡೆಯ ಕೆಳಗೆ, ಐಸಿನ ಕೆಳಗೆ
ನೀನು ತರ್ತಿದ್ಯಲ್ಲ ಬಾಟಲಿ,
ನನ್ನಪ್ಪ ಕುಡಿದು ಸತ್ತದ್ದು ಅದನ್ನೇ.
ಅದನ್ನೂ ಹೇಳು."

ಹನ್ನೊಂದು ವರ್ಷ.
ಪೊಲೀಸರಿಗೆ ಹೇಳಿಲ್ಲ, ಹೆಂಡತಿಗೆ ಅರ್ಧ,
ಪಾದ್ರಿಗೆ ಮಾತ್ರ ಪೂರ್ತಿ, ಜಾಲರಿಯ ಈಚೆಯಿಂದ.
ಬಸ್ತ್ಯಾಂವನ ಮಣ್ಣಿಗೆ ಹೋಗಿದ್ದೆ.
ಗೇಟಿನ ಹತ್ತಿರವೇ ನಿಂತು
ಹಚ್ಚದ ಮೇಣದಬತ್ತಿಯನ್ನು
ಕಿಸೆಯಲ್ಲೇ ಮನೆಗೆ ವಾಪಸು ಒಯ್ದೆ.
ಬಿಸಿಲಿಗೆ ಬಾಗಿತ್ತು ಅದು.

"ತಂದೆ," ಎಂದೆ.
ಅಷ್ಟೇ ಬಂದದ್ದು ಬಾಯಿಗೆ.
ಒಪ್ಪಿಕೊಂಡದ್ದೋ, ಮೇಲಿನವನನ್ನು ಕರೆದದ್ದೋ
ನನಗೇ ಬೇರೆ ಮಾಡಿ ಕೇಳಿಸಲಿಲ್ಲ.
ರುಜಾರನಿಗೆ ಯಾವುದು ಕೇಳಿಸಿತೋ.

ಕೋಳಿ ಕೂಗಿದ ಮೇಲೆ ಹೊರಗೆ ಹೋಗಿ
ಬಿಕ್ಕಿ ಬಿಕ್ಕಿ ಅತ್ತ ಮೀನುಗಾರನ ಕೈಗೇ
ಬೀಗದಕೈ ಸಿಕ್ಕಿತು ನೋಡು,
ಎನ್ನಬೇಕೆಂದು ರಾತ್ರಿಯೆಲ್ಲ ಕಲಿತು ಬಂದಿದ್ದೆ.
ಎನ್ನಲಿಲ್ಲ.
ನೂಲು ಗಂಟಾಗಿತ್ತು, ಹಲ್ಲಿನಿಂದ ಬಿಡಿಸಿದೆ.

ಕೂರ್ಮಗಡದ ಮೇಲೆ ಬಿಸಿಲೇರಿತು.
ಟ್ರಾಲರೊಂದು ಬಂದು, ಖಾಲಿಯಾಗಿ, ಹೋಯಿತು.
ಅವನು ಎದ್ದು ಹೋಗಲಿಲ್ಲ, ನಾನೂ ಹೋಗಲಿಲ್ಲ.

ಬಹಳ ಹೊತ್ತಿನ ಮೇಲೆ, ತಲೆಯೆತ್ತದೆ:
"ಆ ತುದಿ ಬಿಗಿ ಹಿಡಿ ಬಾಬ್.
ದೊಡ್ಡ ತೂತು
ನಿನ್ನ ಕಡೆಗೇ ಇದೆ."

ಹಿಡಿದೆ.