ಡೊಸಿಂಡಾಳ ಕಪಾಟು

ಗಲೀಸಿಯಾದ ಕಡಲಂಚು. ಬಾಗಿಲು ಹಾಕಿದ ಸಾರ್ಡೀನ್ ಕಾರ್ಖಾನೆ,
ಅದರ ಬೆನ್ನಿಗೆ ಡೊಸಿಂಡಾಳ ಅಡುಗೆಮನೆ.
ಉಪ್ಪುಮೀನು ಇಡುತ್ತಿದ್ದ ಕಪಾಟಿನ ಎರಡನೇ ಹಲಗೆಯಲ್ಲಿ
ಪರದೆ ಒಡೆದ ಹಳೆಯ ಲ್ಯಾಪ್‌ಟಾಪು
ಹಗಲಿರುಳು ಉಸಿರಾಡುತ್ತದೆ.

ಅದರೊಳಗೆ ಮೂವತ್ತೊಂಬತ್ತು ಜನರ ಜಗಲಿ:
ಇಳಿತದ ಮರಳು ಕೆದಕಿ ಕಪ್ಪೆಚಿಪ್ಪು ಹೆಕ್ಕುವ ಹೆಂಗಸರು,
ಇಬ್ಬರು ದೋಣಿ ರಿಪೇರಿಯವರು,
ಯಾರನ್ನೂ ಒಪ್ಪದ ಒಬ್ಬ ನಿವೃತ್ತ ಮೇಷ್ಟರು.
ಬಾಡಿಗೆ ತಿಂಗಳಿಗೆ ಎರಡು ಯೂರೋ,
ಇಲ್ಲವೇ ಬೊಗಸೆ ಚಿಪ್ಪು.
ಹೆಚ್ಚಿನವರು ಚಿಪ್ಪನ್ನೇ ತರುತ್ತಾರೆ.

ಮೊದಲು ಎಲ್ಲರೂ ಆ ದೊಡ್ಡ ಮನೆಯಲ್ಲೇ ಇದ್ದರು.
ಬಾಡಿಗೆಯಿಲ್ಲ, ಯಜಮಾನನ ಮುಖ ಕಂಡವರಿಲ್ಲ.
ಒಂದು ಬೆಳಿಗ್ಗೆ ಗುಂಪೇ ಮಾಯ:
ಚಿಪ್ಪಿನ ದರ, ಇಳಿತದ ವೇಳೆ, ಹನ್ನೊಂದು ವರ್ಷದ ಹರಟೆ.
‘ನಿಯಮ ಮೀರಿದ್ದೀರಿ’ ಎಂದಷ್ಟೇ ಉತ್ತರ.
ಯಾವ ನಿಯಮ? ಕೇಳಲು ಬಾಗಿಲಿರಲಿಲ್ಲ, ತಟ್ಟುವುದೆಲ್ಲಿ?

ಮನೆ ಕಟ್ಟಿ ನೋಡು ಅಂದರು ಹಿರಿಯರು,
ಕಟ್ಟಿದ ಮೇಲೆ ಕಸ ಗುಡಿಸಿ ನೋಡು ಅನ್ನಲಿಲ್ಲ.
ರಾತ್ರಿ ಮೂರಕ್ಕೆ ಕರೆಂಟು ಹೋದರೆ ಏಳುವವಳು ಅವಳೇ.
ಯಾವುದೋ ಊರಿನವರು ಕೊಳಕು ತಂದು ಸುರಿದರೆ
ಬಳಿದು, ಆ ದಾರಿಗೆ ಬೇಲಿ ಹಾಕುವವಳೂ ಅವಳೇ.
ಬೇಲಿ ಬೇಕೇ ಬೇಡವೇ ಎಂದು
ಮೂರು ವಾರ ಜಗಳ, ಅದೂ ಅದೇ ಕಪಾಟಿನಲ್ಲಿ.

ಕೀಲಿಕೈ ಅವಳದು. ಬೇಕೆಂದರೆ ಎಲ್ಲರ ಗುಟ್ಟೂ ಓದಬಹುದು.
ಓದಿಲ್ಲ.
ಒಮ್ಮೆ ಬೆರಳು ಅಲ್ಲಿಯವರೆಗೆ ಹೋಗಿತ್ತು,
ತಂಗಿ ತನ್ನ ಬಗ್ಗೆ ಏನನ್ನುತ್ತಾಳೋ ಎಂದು.
ಎದ್ದು ಹೋಗಿ ಪಾತ್ರೆ ತೊಳೆದಳು.

ಮಾರ್ಚಿಯಲ್ಲಿ ಎರ್ಮಿತಾಸ್ ಬಂದಳು, ಬೂಟಿನ ಕೆಸರೂ ತೊಳೆಯದೆ.
‘ನಾನು ಬರೆದದ್ದೆಲ್ಲ ಅಳಿಸು. ಅವನಿಗೆ ಬರೆದದ್ದು, ಅವನ ಬಗ್ಗೆ ಬರೆದದ್ದು.’
ಯಾಕೆ ಅಂತ ಕೇಳದೆ ಡೊಸಿಂಡಾ ಕುರ್ಚಿ ಎಳೆದುಕೊಟ್ಟಳು:
‘ನಿನ್ನ ಮಾತು, ನೀನೇ ಒತ್ತು.’
ಒತ್ತಿದಳು. ಫ್ಯಾನು ಒಂದು ಗಳಿಗೆ ಏದುಸಿರು ಬಿಟ್ಟು ತಣ್ಣಗಾಯಿತು.

‘ಎಲ್ಲಾ ಹೋಯಿತಾ?’

ಸುಳ್ಳು ಹೇಳಬಹುದಿತ್ತು.
‘ಇಲ್ಲಿಂದ ಹೋಯಿತು.
ಬ್ರೆಸ್ಟಿನಲ್ಲಿ, ಪೋರ್ಟೋದಲ್ಲಿ, ಇನ್ನೆಲ್ಲೆಲ್ಲೋ
ನನ್ನಂಥವರ ಕಪಾಟುಗಳಲ್ಲಿ ನಕಲು ಇವೆ.
ಅಳಿಸಿ ಎಂದು ಹೇಳಿಕಳಿಸಿದ್ದೇನೆ. ಹೆಚ್ಚಿನವರು ಅಳಿಸುತ್ತಾರೆ.
ಕೆಲವರು ಮಲಗಿರುತ್ತಾರೆ. ಒಬ್ಬಿಬ್ಬರು ಕೇಳುವುದಿಲ್ಲ.’

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಹೋಗುವುದಿಲ್ಲವಲ್ಲ, ಅದೇ ತಾಪತ್ರಯ.

ಎರ್ಮಿತಾಸ್ ಕಿಟಕಿ ನೋಡಿದಳು.
‘ನಾಳೆ ಇಳಿತ ಎಷ್ಟಕ್ಕೆ?’
‘ಐದೂ ನಲವತ್ತು.’
‘ಹೆಸರು ಇರಲಿ. ಅದನ್ನು ತೆಗೆಯಬೇಡ.’
ಜೇಬಿಂದ ಈ ತಿಂಗಳ ಬಾಡಿಗೆ ಮೇಜಿಗೆ ಸುರಿದು ಹೊರಟಳು.

ಒಂದು ಚಿಪ್ಪು ಇನ್ನೂ ಜೀವಂತವಿತ್ತು.
ತುಸುವೇ ಬಾಯಿ ತೆರೆದು,
ಬಾಗಿಲ ಸದ್ದಿಗೆ
ತಾನೇ ಮುಚ್ಚಿಕೊಂಡಿತು.