ಮೂರನೆಯ ಪಾಳಿಯ ಆರಾಧನೆ

ರೂವಿಯ ಗುಡ್ಡಗಳಿಗೆ ಹುಲ್ಲಿಲ್ಲ, ನೆರಳಿಲ್ಲ.
ಸುಟ್ಟ ಇಟ್ಟಿಗೆಯ ಬಣ್ಣ, ಒಂದರ ಹಿಂದೊಂದು.
ಶುಕ್ರವಾರ ನಾಲ್ಕಕ್ಕೆ ನಮ್ಮ ಸರದಿ.
ಬೆಳಿಗ್ಗೆ ಮಲಯಾಳಂ, ಮಧ್ಯಾಹ್ನ ತಮಿಳು,
ಆಮೇಲೆ ಕನ್ನಡ.
ಕುರ್ಚಿಗಳು ಇನ್ನೂ ಬೆಚ್ಚಗಿರುತ್ತವೆ,
ಯಾರದೋ ಪ್ರಾರ್ಥನೆಯ ಕಾವು
ನಮ್ಮ ಬೆನ್ನಿಗೆ.

ಅಯ್ಯನವರು ಅಂದು ಗುಡ್ಡದ ಮೇಲಿನ ಬೋಧನೆ ಓದಿ
ಕಿಟಕಿಯತ್ತ ಕೈ ತೋರಿದರು:
'ಹಸಿರು ಗುಡ್ಡ ಅಂದುಕೊಂಡಿರಾ? ಯಾರಿಗೆ ಗೊತ್ತು,
ಇಂಥದೇ ಇದ್ದೀತು.'

ಆಮೇಲೆ ಸಾಕ್ಷಿಯ ಹೊತ್ತು.
ಒಬ್ಬರಿಗೆ ಫ್ಯಾಮಿಲಿ ವೀಸಾ ಆಯಿತು, ಸ್ತೋತ್ರ.
ಒಬ್ಬರಿಗೆ ಕಂಪನಿ ಕಾರು ಕೊಟ್ಟಿತು, ಸ್ತೋತ್ರ.
ಮಗಳಿಗೆ ಮೆಡಿಕಲ್ ಸೀಟು, ಕಿಡ್ನಿಯ ಕಲ್ಲು ತಾನಾಗಿ ಬಿತ್ತು,
ಸ್ತೋತ್ರ, ಸ್ತೋತ್ರ.
ಕರ್ತನು ಆಶೀರ್ವದಿಸಿದನು ಎಂದೆವು,
ಮನೆ ಬಾಗಿಲಿಗೆ ಬಂದ ಪಾರ್ಸೆಲ್ಲಿಗೆ
ಸಹಿ ಹಾಕುವವರ ಹಾಗೆ.
ನಾನೂ ಎದ್ದಿದ್ದೆ: ಸಂಬಳ ನಲವತ್ತು ರಿಯಾಲು ಏರಿತ್ತು.
ಯಾಕೆ ಏರಿತೆಂದು ಹೇಳಲಿಲ್ಲ.

ಕೊನೆಯ ಸಾಲಿನಿಂದ ಎಸ್ತೇರವ್ವ ಎದ್ದಳು.
ಬೆಟಗೇರಿಯವಳು, ಅಲ್ ಖುವೈರ್‌ನ ಒಂದು ಮನೆಯಲ್ಲಿ ಕೆಲಸ,
ಹದಿನೈದು ದಿನಕ್ಕೊಮ್ಮೆ ಬಿಡುವು.
'ನನ್ನ ಹತ್ರ ಸಾಕ್ಷಿ ಇಲ್ರೀ. ಒಂದ್ ಪ್ರಶ್ನೆ ಐತಿ.
ಮನ್ನೆ ಆ ಮನಿ ಹುಡುಗ ಗಾಜಿನ ಹೂಜಿ ಒಡದ.
ಅವರ ಅಜ್ಜಿ ಕೊಟ್ಟಿದ್ದು. ನನ್ನ ಮ್ಯಾಲೆ ಬಂತು.
ನಾ ಸುಮ್ಮನಿದ್ದೆ.
ದೀನರು ಧನ್ಯರು ಅಂದ್ರಿ ನೀವು.
ನಾ ದೀನಳಾಗಿ ಸುಮ್ಮನಿದ್ನೋ,
ಅಂಜಿ ಸುಮ್ಮನಿದ್ನೋ?
ಹೊರಗಿಂದ ನೋಡಿದ್ರ ಎರಡೂ ಒಂದ ಥರಾ ಕಾಣ್ತಾವು.'

ಯಾರೂ ಮಾತಾಡಲಿಲ್ಲ. ಎ.ಸಿ. ತೊಟ್ಟಿಕ್ಕುತ್ತಿತ್ತು
ಕೆಳಗಿಟ್ಟ ಪೇಂಟಿನ ಡಬ್ಬಿಗೆ.
ಅಯ್ಯನವರು ಕನ್ನಡಕ ತೆಗೆದರು, ಒರೆಸಿದರು, ಹಾಕಿಕೊಂಡರು.
'ಗೊತ್ತಿಲ್ಲವಮ್ಮ' ಎಂದರು.
ಆ ದಿನದ ಪ್ರಸಂಗದಲ್ಲಿ
ನನಗೆ ಈಗಲೂ ನೆನಪಿರುವುದು ಅದೊಂದೇ.

ಮುಂದಿನ ಸಲ ಬಂದಾಗ ಬಾಗಿಲಲ್ಲೇ ಸಿಕ್ಕಳು,
ಚಪ್ಪಲಿ ಬಿಡುತ್ತ ಹೇಳಿದಳು:
'ಮೇಡಂಗ ಹೇಳಿಬಿಟ್ಟೆ, ನಾ ಒಡದಿಲ್ಲ ಅಂತ.
ಕೈ ನಡಗತಿದ್ದು. ಹುಡುಗನ ಮುಖ ಸುಣ್ಣ ಆತು.
ಹಂಗಾರ ಯಾರು ಅಂದ್ರು.
ಆಗ ಸುಮ್ಮನಾದೆ.
ಅದ ಸುಮ್ಮನ, ಆದ್ರ ಬ್ಯಾರೆ ಸುಮ್ಮನ.'
ನಕ್ಕಳು. ಮುಂಗೈ ಮೇಲೆ ಎಣ್ಣೆ ಸಿಡಿದ ಹಳೆಯ ಕಲೆ.
'ಹೂಜಿ ರೊಕ್ಕ ಪಗಾರದಾಗ ಹಿಡದಾರ. ಅದು ಬ್ಯಾರೆ ಮಾತು ಬಿಡ್ರಿ.'

ನಾನು ಟೈಮ್‌ಕೀಪರ್.
ಗಾಲಾದ ಸೈಟಿನಲ್ಲಿ ನೂರ ಎಪ್ಪತ್ತು ಜನರ ಹಾಜರಿ ನನ್ನ ಕೈಯಲ್ಲಿ.
ಜೂನಿನಿಂದ, ಹನ್ನೊಂದು ಗಂಟೆ ದುಡಿದವರಿಗೆ
ಒಂಬತ್ತು ಎಂದು ಬರೆಯುತ್ತಿದ್ದೇನೆ.
ಹೇಳಿದವರು ಮೇಲಿನವರು. ಬರೆದ ಬೆರಳು ನನ್ನದು.
ನಲವತ್ತು ರಿಯಾಲು ಬಂದದ್ದು ಅಲ್ಲಿಂದ.
ಅದಕ್ಕೆ ಇಡೀ ಸಭೆ ಸ್ತೋತ್ರ ಹೇಳಿತ್ತು.

ನೀತಿಗಾಗಿ ಹಸಿದವರು ಎಂಬ ಮಾತು ಕೇಳುವಾಗೆಲ್ಲ
ನನ್ನ ಕಿವಿ ಹಿಂದಿನ ಮೇಜಿನ ಕಡೆಗಿರುತ್ತಿತ್ತು,
ಉಪ್ಪಿಟ್ಟಿನ ಪಾತ್ರೆಯ ಮುಚ್ಚಳ ತೆಗೆದ ಸದ್ದಿಗೆ.
ಈ ರಾತ್ರಿ ಊಟ ಮಾಡಿದ ಮೇಲೂ
ಏನೋ ಕೊರೆಯುತ್ತಿದೆ.

ಕ್ಯಾಂಪಿನ ಕೋಣೆ. ಮೇಲಿನ ಮಂಚದಲ್ಲಿ
ಛಪ್ರಾದ ಹುಡುಗ ರಾಮ್‌ಸೂರತ್
ನಿದ್ದೆಯಲ್ಲೇ ಕಾಲು ಎಳೆದುಕೊಳ್ಳುತ್ತಾನೆ.
ದಿನಕ್ಕೆರಡು ಗಂಟೆಯ ಅವನ ಬೆವರು
ನನ್ನ ರಿಜಿಸ್ಟರಿನಲ್ಲಿ ಇಲ್ಲ.
ಕೆಲಸ ಹೋದೀತು. ಹೋದರೆ
ಯಾವ ಶುಕ್ರವಾರ ಎದ್ದು ನಿಂತು
ಅದನ್ನು ಸಾಕ್ಷಿಯೆಂದು ಹೇಳಲಿ?

ಒಂಬತ್ತನ್ನು ತಿದ್ದಿ ಹನ್ನೊಂದು ಮಾಡಲಾಗುವುದಿಲ್ಲ.
ಅಡ್ಡ ಗೀಟು ಎಳೆದು, ಪಕ್ಕದಲ್ಲಿ ಬರೆದು,
ಪ್ರತಿಯೊಂದಕ್ಕೂ ಸಹಿ ಹಾಕಬೇಕು.
ಕಿಟಕಿಯಾಚೆ ಗುಡ್ಡ
ಹಗಲಿನ ಕಾವನ್ನು ಇನ್ನೂ ಬಿಡುತ್ತಿದೆ.
ಮೊದಲ ಹೆಸರಿನ ಮೇಲೆ ಪೆನ್ನು ಇಟ್ಟಿದ್ದೇನೆ,
ಕೈ ನಡುಗುತ್ತಿದೆ, ಎಸ್ತೇರವ್ವಾ.
ಇದು ಅಂಜಿಕೆಯೇ, ಬೇರೇನಲ್ಲ.
ಇರಲಿ.
ಪಟ್ಟಿ ಉದ್ದವಿದೆ.