ಸಪ್ಪಳಿಲ್ಲದ ಹಿಟ್ಟು

ನಾಲ್ಕು ಬಾಳೆಹಣ್ಣು, ಕರ್ರಗಾಗಿ ಕೂತಿದ್ದವು.
"ಒಗೀಬ್ಯಾಡ, ಬ್ರೆಡ್ ಮಾಡಮು" ಅಂದಳು ಮೊಮ್ಮಗಳು.
ಮೈದಾ ಇಲ್ಲ. ಡಬ್ಬಿಯಲ್ಲಿ ಹುಗ್ಗಿಗೆಂದಿಟ್ಟ ಜವೆಗೋಧಿ,
ಕುಟ್ಟಿದರೂ ಸಿಪ್ಪೆ ಬಿಡದ ಹಳೇ ಮೊಂಡು ಕಾಳು;
ಗಿರಣಿಯ ಮಸ್ತಾನಪ್ಪ ಎರಡು ಸಲ ಹಾಕಿ ಕೊಟ್ಟ.

ಕುಕ್ಕರಿನ ಸೀಟಿ ತೆಗೆದು, ರಬ್ಬರು ತೆಗೆದು,
ತಳಕ್ಕೆ ಕಾಗಿಣಾ ಹೊಳೆಯ ಮರಳು.

ಕಲಸಿದೆ. ಕೈ ತನ್ನಷ್ಟಕ್ಕೇ ಬಡಿಯಲು ಹೋಯಿತು,
ಐವತ್ತು ವರ್ಷದ ಜೋಳದ ರೂಢಿ.
ಇದು ಬಡಿತ ತಿನ್ನುವ ಹಿಟ್ಟಲ್ಲ.
ಬೆರಳ ಸಂದಿಯಿಂದ ಜಾರಿ
ಶಾಹಬಾದ್ ಕಲ್ಲಿನ ಕಟ್ಟೆಗೆ ಇಳಿಯಿತು.
"ಇನ್ನ ಸುಮ್ಮ ಕೂಡು" ಅಂದಳು.
ಕೂತೆ. ಕೆಲಸವಿಲ್ಲದ ಎರಡು ಕೈ
ಮಡಿಲಲ್ಲಿ, ಯಾರದೋ ಕೂಸಿನಂತೆ.

ಅಷ್ಟರಲ್ಲಿ ಗೋಡೆಯಾಚೆ ಹಲೀಮಾಬಿ:
"ಯಾಕ ಚೆನ್ನಬಸವ್ವಾ, ಇವತ್ತ ರೊಟ್ಟಿ ಸಪ್ಪಳ ಇಲ್ಲ,
ಆರಾಮ ಇಲ್ಲೇನು?"

ಇಷ್ಟು ವರ್ಷ
ಕಿವಿಯಿಂದಲೇ ನನ್ನ ನಾಡಿ ಹಿಡಿದಿದ್ದಾಳೆ ಈಕೆ!

ಬ್ರೆಡ್ಡು ಅರ್ಧ ಉಬ್ಬಿತು. ನಡುವೆ ಬಿರುಕು,
ಹಳೇ ಬೆಲ್ಲದ ಬಣ್ಣ, ಮನೆತುಂಬ ಹಣ್ಣಿನ ವಾಸನೆ.
ದೊಡ್ಡ ತುಣುಕು ಗೋಡೆ ದಾಟಿತು.
ಬಹಳ ಹೊತ್ತು ಅತ್ತಲಿಂದ ಮಾತಿಲ್ಲ.
ಆಮೇಲೆ,
"ಚಲೋ ಅದ.
ನಾಳಿಗಿ ರೊಟ್ಟಿ ಬಡೀ."